ಹೊಸ ಪ್ರೊಸೆಸರಾ, ಹಳೆಯದಾ? ಕಂಪ್ಯೂಟರ್ ಜೋಡಿಸುವ ಮೊದಲು ಹಾಕಬೇಕಾದ ಲೆಕ್ಕ

ಕಂಪ್ಯೂಟರ್ ಜೋಡಿಸಲು ಹೊರಟವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "12ನೇ ಜನರೇಷನ್ ಸಾಕಾ, 14ನೇದೇ ಬೇಕಾ?" ಇಲ್ಲವೇ, "ರೈಜನ್ 5000 ತಗೊಂಡ್ರೆ ಬೇಗ ಹಳೇದಾಗಿಬಿಡುತ್ತಾ?" ಮೊದಲನೆಯದು ಇಂಟೆಲ್ ಕಂಪನಿಯ ಪ್ರೊಸೆಸರಿನ ಮಾತು, ಎರಡನೆಯದು ಎಎಂಡಿ ಕಂಪನಿಯದರ ಮಾತು. ನಾನು ತಿರುಗಿ ಕೇಳುವುದೂ ಒಂದೇ ಮಾತು. "ಬೋರ್ಡ್ ಯಾವುದು, ರ‍್ಯಾಮ್ ಯಾವುದು?" ಆಗ ಸ್ವಲ್ಪ ಹೊತ್ತು ಮೌನ. "ಅದನ್ನ ಆಮೇಲೆ ನೋಡ್ಕೊಂಡ್ರಾಯ್ತು, ಅಲ್ವಾ?"

ಆಗುವುದಿಲ್ಲ. ಪ್ರೊಸೆಸರ್ ಒಂಟಿಯಾಗಿ ಮನೆಗೆ ಬರುವ ವಸ್ತುವಲ್ಲ. ತನಗೆ ಹೊಂದುವ ಮದರ್‌ಬೋರ್ಡನ್ನು ಕರೆದುಕೊಂಡೇ ಬರುತ್ತದೆ. ಆ ಬೋರ್ಡ್ ಯಾವ ರ‍್ಯಾಮ್ ಹಾಕಬೇಕು ಎಂದು ಹೇಳುತ್ತದೆ. ಪ್ರೊಸೆಸರನ್ನು ತಣ್ಣಗಿಡುವ ಕೂಲರನ್ನು ಬೇರೆ ಕೊಳ್ಳಬೇಕಾ ಬೇಡವಾ, ಗ್ರಾಫಿಕ್ಸ್ ಕಾರ್ಡ್ ಎಷ್ಟು ವೇಗದಲ್ಲಿ ಓಡುತ್ತದೆ ಎಂಬುದೂ ಅಲ್ಲೇ ತೀರ್ಮಾನವಾಗುತ್ತದೆ. ಹಾಗಾಗಿ ಹಳೆಯ ಪ್ರೊಸೆಸರಿಗೆ ಹೊಸ ಪ್ರೊಸೆಸರನ್ನು ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಹಳೆಯ ಸೆಟ್ಟಿಗೆ ಹೊಸ ಸೆಟ್ಟನ್ನು ಹೋಲಿಸಬೇಕು. ನಾನು ಆ ಲೆಕ್ಕವನ್ನು ಯಾವ ಕ್ರಮದಲ್ಲಿ ಹಾಕುತ್ತೇನೋ ಅದೇ ಕ್ರಮದಲ್ಲಿ ಇಲ್ಲಿ ಬರೆದಿದ್ದೇನೆ.

1. ಮೊದಲು ಹೆಸರು ಓದುವುದನ್ನು ಕಲಿಯಿರಿ

ಇಂಟೆಲ್ ಐ5-12400ಎಫ್ ಅಂದರೆ, ಮೊದಲ ಎರಡು ಅಂಕಿ ತಲೆಮಾರು, ಅಂದರೆ 12ನೇದು. ಉಳಿದ ಮೂರು ಅಂಕಿ ಆ ತಲೆಮಾರಿನೊಳಗೆ ಅದರ ಮಟ್ಟ. ಕೊನೆಯ ಅಕ್ಷರ ತುಂಬಾ ಮುಖ್ಯ. ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಹಾಕದೆ ಪರದೆ ಹೊತ್ತಿಕೊಳ್ಳುವುದೇ ಇಲ್ಲ. ಕೆ ಇದ್ದರೆ ವೇಗವನ್ನು ನಾವೇ ಏರಿಸಬಹುದು. ಟಿ ಇದ್ದರೆ ಕಡಿಮೆ ವಿದ್ಯುತ್ತಿನದು. ರೈಜನ್ 5 5600ರಲ್ಲಿ ಸರಣಿ ತಿಳಿಯಲು ಮೊದಲ ಅಂಕಿ ನೋಡಬೇಕು. ಜಿ ಇದ್ದರೆ ಒಳಗೇ ಗಟ್ಟಿಯಾದ ಗ್ರಾಫಿಕ್ಸ್, ಎಕ್ಸ್3ಡಿ ಇದ್ದರೆ ಇನ್ನೊಂದು ಪದರ ಕ್ಯಾಶ್ (ಪ್ರೊಸೆಸರಿನೊಳಗಿನ ಪುಟ್ಟ, ವೇಗದ ಮೆಮೊರಿ) ಕೂರಿಸಿದ್ದಾರೆ ಎಂದರ್ಥ.

ಇಷ್ಟು ಸುಲಭವಾಗಿದ್ದರೆ ಲೇಖನವೇ ಬೇಕಿರಲಿಲ್ಲ. ದೊಡ್ಡ ಅಂಕಿ ಯಾವಾಗಲೂ ಹೊಸ ತಂತ್ರಜ್ಞಾನವಲ್ಲ. ರೈಜನ್ 3200ಜಿ, 3400ಜಿ ನೋಡಿ. ಹೆಸರಿನಲ್ಲಿ 3000 ಇದೆ, ಒಳಗಿರುವುದು 2000 ಸರಣಿಯ ಝೆನ್ ಪ್ಲಸ್ ವಿನ್ಯಾಸ (ಝೆನ್ ಎಂಬುದು ಎಎಂಡಿ ತನ್ನ ವಿನ್ಯಾಸಗಳಿಗೆ ಇಟ್ಟ ಹೆಸರು). ಅದೇ 3000 ಸರಣಿಯ 3600 ಮಾತ್ರ ಝೆನ್ 2. ರೈಜನ್ 8600ಜಿ ನೋಡಿದರೆ 7600ಕ್ಕಿಂತ ಒಂದು ತಲೆಮಾರು ಮುಂದಿದೆ ಅನ್ನಿಸುತ್ತದೆ. ಎರಡೂ ಝೆನ್ 4. ಎಲ್3 ಕ್ಯಾಶ್ 7600ರಲ್ಲಿ 32 ಎಂಬಿ ಇದ್ದರೆ 8600ಜಿಯಲ್ಲಿ 16 ಎಂಬಿ ಮಾತ್ರ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕುವವರಿಗೆ 7600 ಲೇಸು, ಹಾಕದವರಿಗೆ 8600ಜಿ ಲೇಸು. ಇನ್ನು 5700ಎಕ್ಸ್ ಮತ್ತು 5700 ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ. ಆದರೆ ಎಕ್ಸ್ ಇಲ್ಲದ್ದರಲ್ಲಿ ಕ್ಯಾಶ್ ಅರ್ಧ, ಗ್ರಾಫಿಕ್ಸ್ ಕಾರ್ಡಿಗೆ ದತ್ತಾಂಶ ಓಡುವ ದಾರಿಯಾದ ಪಿಸಿಐ ಎಕ್ಸ್‌ಪ್ರೆಸ್ ಕೂಡ 4ನೇ ಆವೃತ್ತಿಯ ಬದಲು 3ನೇದು.

ಇಂಟೆಲ್ ಕಡೆಯೂ ಹೀಗೇ. 2023ರ ಅಕ್ಟೋಬರ್‌ನಲ್ಲಿ ಬಂದ 14ನೇ ತಲೆಮಾರು 13ನೇದನ್ನೇ ಸ್ವಲ್ಪ ತಿದ್ದಿ ತೀಡಿದ್ದು. ಐ5-13400 ಮತ್ತು ಐ5-14400 ಎರಡರಲ್ಲೂ 6 ದೊಡ್ಡ ಕೋರ್, 4 ಚಿಕ್ಕ ಕೋರ್, 16 ಥ್ರೆಡ್, 20 ಎಂಬಿ ಕ್ಯಾಶ್. ಕೋರ್ ಅಂದರೆ ಪ್ರೊಸೆಸರಿನೊಳಗಿನ ಕೆಲಸಗಾರ, ಥ್ರೆಡ್ ಅಂದರೆ ಆತ ಒಂದೇ ಹೊತ್ತಿಗೆ ಹಿಡಿಯುವ ಕೆಲಸದ ಎಳೆ. ಗರಿಷ್ಠ ವೇಗ ಮಾತ್ರ 4.6ರಿಂದ 4.7 ಗಿಗಾಹರ್ಟ್ಸ್‌ಗೆ ಏರಿತು. ಈ 0.1 ನಿಮ್ಮ ಕಣ್ಣಿಗೆ ಯಾವತ್ತೂ ಬೀಳುವುದಿಲ್ಲ. ಅದಕ್ಕಾಗಿ ಜಾಸ್ತಿ ದುಡ್ಡು ಕೊಟ್ಟರೆ ಪೆಟ್ಟಿಗೆಯ ಮೇಲಿನ ಅಂಕಿಗೆ ಕೊಟ್ಟಂತೆ. ಹಿಂದೊಮ್ಮೆ ಇನ್ನೂ ವಿಚಿತ್ರವಾಗಿತ್ತು. 2020ರ ಐ9-10900ಕೆಯಲ್ಲಿ 10 ಕೋರ್ ಇದ್ದವು. ಮರುವರ್ಷದ ಐ9-11900ಕೆಯಲ್ಲಿ 8!

ಆದ್ದರಿಂದ ಮೊದಲ ಕೆಲಸ ಇದು. ನೀವು ನೋಡುತ್ತಿರುವ ಎರಡು ಪ್ರೊಸೆಸರುಗಳ ಅಧಿಕೃತ ವಿವರದ ಪುಟ ತೆರೆದು ಬಿಡುಗಡೆಯ ದಿನ, ವಿನ್ಯಾಸದ ಹೆಸರು, ಕೋರ್ ಮತ್ತು ಥ್ರೆಡ್, ಎಲ್3 ಕ್ಯಾಶ್, ಸಾಕೆಟ್ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಗೂಡು) ಬರೆದುಕೊಳ್ಳಿ. ವಿನ್ಯಾಸದ ಹೆಸರು ಎರಡಕ್ಕೂ ಒಂದೇ ಆಗಿದ್ದರೆ ಅದು ತಲೆಮಾರಿನ ಪ್ರಶ್ನೆಯೇ ಅಲ್ಲ. ಕೋರ್, ಕ್ಯಾಶ್ ಕೂಡ ಸಮವಿದ್ದರೆ ಅಗ್ಗದ್ದನ್ನು ತೆಗೆದುಕೊಂಡು ಮುಂದೆ ಹೋಗಿ.

2. ನಿಮ್ಮ ಕೆಲಸ ಎಲ್ಲಿ ಸಿಕ್ಕಿಕೊಳ್ಳುತ್ತಿದೆ ನೋಡಿ

ಈಗಿರುವ ಕಂಪ್ಯೂಟರ್ ನಿಧಾನವಾಗಿದೆ ಎಂದೇ ತಾನೇ ಹೊಸದು ಬೇಕಾಗಿರುವುದು? ಹಾಗಾದರೆ ಅದನ್ನೇ ಕೇಳಿ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು, ನಿಧಾನವಾಗುವ ಆ ಕೆಲಸವನ್ನೇ ಮಾಡಿ. ಪ್ರೊಸೆಸರ್ ಸುಮ್ನೆ ಕೂತಿದ್ದು ರ‍್ಯಾಮ್ ಭರ್ತಿಯಾಗಿದ್ದರೆ, ಅಥವಾ ಡಿಸ್ಕ್ ನೂರಕ್ಕೆ ನೂರು ಓಡುತ್ತಿದ್ದರೆ, ಯಾವ ತಲೆಮಾರಿನ ಪ್ರೊಸೆಸರೂ ನಿಮ್ಮನ್ನು ಕಾಪಾಡುವುದಿಲ್ಲ. ಒಂದು ಎಸ್‌ಎಸ್‌ಡಿ ಅಥವಾ ಇನ್ನೆರಡು ರ‍್ಯಾಮ್ ಕಡ್ಡಿ ಸಾಕಾಗಬಹುದು.

ಎಲ್ಲ ಕೋರ್‌ಗಳೂ ತುಂಬಿ ತುಳುಕುತ್ತಿದ್ದರೆ ಬೇಕಾಗಿರುವುದು ಹೆಚ್ಚು ಕೋರ್. ವಿಡಿಯೊ ರೆಂಡರ್, ದೊಡ್ಡ ಪ್ರೋಗ್ರಾಂ ಕಂಪೈಲ್, ತ್ರೀಡಿ ಕೆಲಸ ಈ ಜಾತಿಗೆ ಸೇರಿದವು. ಇಲ್ಲಿ ಹಳೆಯ ತಲೆಮಾರಿನ ಎಂಟು, ಹನ್ನೆರಡು ಕೋರಿನ ಪ್ರೊಸೆಸರ್ ಹೊಸ ತಲೆಮಾರಿನ ಆರು ಕೋರಿನದನ್ನು ಹಿಂದೆ ಹಾಕುವುದುಂಟು.

ಮೂರನೆಯ ಸಂಗತಿ ಸ್ವಲ್ಪ ಮೋಸದ್ದು. ಒಟ್ಟು ಬಳಕೆ ಶೇ. 10ರ ಆಸುಪಾಸು ತೋರಿಸುತ್ತದೆ, ಆದರೂ ಕೆಲಸ ತೆವಳುತ್ತದೆ. 12 ಥ್ರೆಡ್ಡಿನ ಪ್ರೊಸೆಸರಿನಲ್ಲಿ ಒಂದೇ ಥ್ರೆಡ್ ಪೂರ್ತಿ ದುಡಿದರೆ ಒಟ್ಟು ಲೆಕ್ಕದಲ್ಲಿ ಅದು ಸುಮಾರು ಶೇ. 8. ಅಷ್ಟೇ ಅಲ್ಲ, ವಿಂಡೋಸ್ ಆ ಕೆಲಸವನ್ನು ಒಂದು ಕೋರಿನಿಂದ ಇನ್ನೊಂದಕ್ಕೆ ದಾಟಿಸುತ್ತಲೇ ಇರುತ್ತದೆ. ಹಾಗಾಗಿ ಯಾವ ಕೋರೂ ತುಂಬಿದಂತೆ ಕಾಣುವುದೇ ಇಲ್ಲ. ದೊಡ್ಡ ಸ್ಪ್ರೆಡ್‌ಶೀಟ್, ಕೆಲವು ಕ್ಯಾಡ್ ತಂತ್ರಾಂಶಗಳು, ಹಳೆಯ ಆಟಗಳು ಹೀಗೆ ವರ್ತಿಸುತ್ತವೆ. ಇಂಥವರಿಗೇ ಹೊಸ ತಲೆಮಾರು ನಿಜವಾಗಿ ನೆರವಾಗುವುದು. ಹೊಸ ವಿನ್ಯಾಸದಲ್ಲಿ ಅದೇ ಗಿಗಾಹರ್ಟ್ಸ್‌ನಲ್ಲಿ ಒಂದೊಂದು ಕೋರ್ ಜಾಸ್ತಿ ಕೆಲಸ ಮುಗಿಸುತ್ತದೆ. ಎಎಂಡಿ ಹೇಳಿಕೊಂಡ ಲೆಕ್ಕದ ಪ್ರಕಾರ ಈ ಏರಿಕೆ ಝೆನ್ 3ರಲ್ಲಿ ಶೇ. 19, ಝೆನ್ 4ರಲ್ಲಿ ಶೇ. 13, ಝೆನ್ 5ರಲ್ಲಿ ಶೇ. 16. ಇವು ಕಂಪನಿಯೇ ಆರಿಸಿಕೊಂಡ ತಂತ್ರಾಂಶಗಳ ಸರಾಸರಿ ಎಂಬುದು ನೆನಪಿರಲಿ. ನಿಮ್ಮ ತಂತ್ರಾಂಶದಲ್ಲಿ ಇನ್ನೂ ಕಡಿಮೆ ಇರಬಹುದು, ಜಾಸ್ತಿಯೂ ಇರಬಹುದು. ನನ್ನ ಅನುಭವದಲ್ಲಿ ಒಂದು ತಲೆಮಾರಿನ ಜಿಗಿತ ಗ್ರಾಫಿನಲ್ಲಿ ಕಾಣುತ್ತದೆ, ಎರಡು ತಲೆಮಾರಿನದು ಕೈಗೆ ಗೊತ್ತಾಗುತ್ತದೆ.

ಆಟ ಆಡುವವರಿಗೆ ಒಂದು ಸುಲಭ ಪರೀಕ್ಷೆ ಇದೆ. ಆಟದೊಳಗೆ ರೆಸಲ್ಯೂಷನ್ ಅನ್ನು 720ಕ್ಕೆ ಇಳಿಸಿ. ಫ್ರೇಮ್ ಸಂಖ್ಯೆ ಜಿಗಿದರೆ ಅಡ್ಡಿಯಾಗಿದ್ದದ್ದು ಗ್ರಾಫಿಕ್ಸ್ ಕಾರ್ಡ್. ಇದ್ದಲ್ಲೇ ನಿಂತರೆ ಪ್ರೊಸೆಸರ್. 4ಕೆ ಪರದೆಯಲ್ಲಿ ಆಡುವವರಿಗೆ ಬಹುತೇಕ ಗ್ರಾಫಿಕ್ಸ್ ಕಾರ್ಡೇ ಮೊದಲು ಸುಸ್ತಾಗುತ್ತದೆ. ಅಲ್ಲಿ ಪ್ರೊಸೆಸರಿನ ತಲೆಮಾರಿಗೆ ದುಡ್ಡು ಸುರಿಯುವುದು ದಂಡ.

ಆಟದ ವಿಷಯದಲ್ಲಿ ಹೊಸದು ಎಂದರೆ ವೇಗ ಎಂಬ ನಂಬಿಕೆಯನ್ನು ಎರಡು ಪ್ರೊಸೆಸರುಗಳು ಅಲುಗಾಡಿಸಿವೆ. 2022ರ ಏಪ್ರಿಲ್‌ನಲ್ಲಿ ಬಂದ ರೈಜನ್ 7 5800ಎಕ್ಸ್3ಡಿ, ಹಳೆಯ ಎಎಂ4 ಸಾಕೆಟ್ಟಿನ ಬೋರ್ಡಿನಲ್ಲೇ ಕೂತು, 96 ಎಂಬಿ ಎಲ್3 ಕ್ಯಾಶ್‌ನ ಬಲದಿಂದ, ತನ್ನ ನಂತರ ಬಂದ ಎಎಂ5ನ ಮೊದಲ ಸಾಲಿನ ಪ್ರೊಸೆಸರುಗಳಿಗೆ ಹಲವು ಆಟಗಳಲ್ಲಿ ಸರಿಸಮನಾಗಿ ನಿಂತಿತು. ಇನ್ನೊಂದು ಕಡೆ 2024ರ ಅಕ್ಟೋಬರ್‌ನಲ್ಲಿ ಬಂದ ಇಂಟೆಲ್ ಕೋರ್ ಅಲ್ಟ್ರಾ 9 285ಕೆ, ಬಿಡುಗಡೆಯ ಹೊತ್ತಿಗೆ ಎಷ್ಟೋ ಆಟಗಳಲ್ಲಿ ತನ್ನ ಹಿಂದಿನ 14900ಕೆಗಿಂತ ಹಿಂದೆ ಬಿತ್ತು. ವಿದ್ಯುತ್ ಮಾತ್ರ ಅದಕ್ಕಿಂತ ಕಡಿಮೆ ಕುಡಿಯಿತು.

ಬ್ರೌಸರ್, ದಾಖಲೆ, ವಿಡಿಯೊ ನೋಡುವುದು, ಆನ್‌ಲೈನ್ ತರಗತಿ ಇಷ್ಟೇ ಆದರೆ ಈ ಇಡೀ ಭಾಗವನ್ನು ಮರೆತುಬಿಡಿ. 4 ಕೋರ್, 8 ಥ್ರೆಡ್ಡಿನ ಐ3-12100 ಸಾಕು. ವಿಡಿಯೊ ಎಡಿಟ್ ಮಾಡುವವರಾದರೆ ಇಂಟೆಲ್‌ನಲ್ಲಿ ಎಫ್ ಇರುವುದನ್ನು ಬಿಡಿ. ಒಳಗಿನ ಗ್ರಾಫಿಕ್ಸ್ ಜೊತೆ ಬರುವ ಕ್ವಿಕ್ ಸಿಂಕ್ ಸೌಲಭ್ಯ ಟೈಮ್‌ಲೈನ್ ಮುಗ್ಗರಿಸದಂತೆ ಬಹಳ ನೆರವಾಗುತ್ತದೆ.

3. ಸಾಕೆಟ್: ಇಲ್ಲಿ ಎಡವಿದರೆ ಎಲ್ಲ ಎಡವಟ್ಟು

ಈಗ ನಿಮ್ಮ ಮುಂದೆ ಸಾಮಾನ್ಯವಾಗಿ ಬರುವ ಸಾಕೆಟ್‌ಗಳು ನಾಲ್ಕು.

ಎಎಂ4. ರೈಜನ್ 1000 ಜೊತೆ 2017ರಲ್ಲಿ ಎಲ್ಲರ ಕೈಗೆ ಬಂತು. ಹಾಕಬಹುದಾದ ರ‍್ಯಾಮ್ ಡಿಡಿಆರ್4 ಮಾತ್ರ (ಡಿಡಿಆರ್4, ಡಿಡಿಆರ್5 ಎಂಬುವು ರ‍್ಯಾಮಿನ ತಲೆಮಾರುಗಳು). 5000 ಸರಣಿಯ ಝೆನ್ 3 ಇದರ ಕೊನೆಯ ವಿನ್ಯಾಸ. ಇಲ್ಲಿಂದ ಮುಂದಕ್ಕೆ ದಾರಿ ಇಲ್ಲ. ಆದರೆ ದಾರಿಯ ಕೊನೆಯಲ್ಲಿರುವ ಊರು ಚೆನ್ನಾಗಿಯೇ ಇದೆ.

ಎಎಂ5. 2022ರ ಸೆಪ್ಟೆಂಬರ್‌ನಲ್ಲಿ ರೈಜನ್ 7000 ಜೊತೆ ಬಂತು. ಡಿಡಿಆರ್5 ಮಾತ್ರ. 9000 ಸರಣಿಯೂ ಇದರಲ್ಲೇ ಕೂರುತ್ತದೆ. 2027ರವರೆಗೂ, ಅದರಾಚೆಗೂ ಈ ಸಾಕೆಟ್ಟಿಗೆ ಬೆಂಬಲ ಇರುತ್ತದೆ ಎಂದು ಎಎಂಡಿ ಹೇಳಿದೆ.

ಎಲ್‌ಜಿಎ1700. ಇಂಟೆಲ್‌ನ 12, 13, 14ನೇ ತಲೆಮಾರು ಮೂರೂ ಇದಕ್ಕೇ. ಡಿಡಿಆರ್4 ಬೋರ್ಡೂ ಸಿಗುತ್ತದೆ, ಡಿಡಿಆರ್5 ಬೋರ್ಡೂ ಸಿಗುತ್ತದೆ. ಆದರೆ ಒಂದು ಬೋರ್ಡಿಗೆ ಯಾವುದೋ ಒಂದೇ ಎಂದು ಲೆಕ್ಕ ಹಿಡಿಯಿರಿ.

ಎಲ್‌ಜಿಎ1851. ಕೋರ್ ಅಲ್ಟ್ರಾ 200 ಸರಣಿಗೆ. ಡಿಡಿಆರ್5 ಮಾತ್ರ.

ಸಾಕೆಟ್ ಒಂದೇ ಆದರೆ ಪ್ರೊಸೆಸರ್ ಕೂತೇ ಕೂರುತ್ತದೆ ಎಂದುಕೊಳ್ಳಬೇಡಿ. ಇಂಟೆಲ್‌ನ 6, 7ನೇ ತಲೆಮಾರಿಗೂ ಎಲ್‌ಜಿಎ1151, 8, 9ನೇ ತಲೆಮಾರಿಗೂ ಎಲ್‌ಜಿಎ1151. ಹೆಸರು ಅದೇ, ಗಾತ್ರವೂ ಅದೇ. ಆದರೆ 8ನೇದು ಓಡಬೇಕಾದರೆ 300 ಸರಣಿಯ ಬೋರ್ಡೇ ಬೇಕು. ಎಎಂ4ನಲ್ಲಿ ಅಡ್ಡಿ ಬಯೋಸ್‌ನದು, ಅಂದರೆ ಕಂಪ್ಯೂಟರ್ ಆನ್ ಮಾಡಿದಾಗ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶದ್ದು. ಬಿ450 ಬೋರ್ಡಿನಲ್ಲಿ ರೈಜನ್ 5600 ಓಡುತ್ತದೆ, ಆದರೆ ಬಯೋಸ್ ಹೊಸದಾಗಿರಬೇಕು. ಹಳೆಯ ಬಯೋಸ್ ಇದ್ದರೆ ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇರುತ್ತದೆ. ನೀವು ಕೆಟ್ಟ ಪ್ರೊಸೆಸರ್ ಬಂತೆಂದು ತಲೆ ಚಚ್ಚಿಕೊಳ್ಳುತ್ತೀರಿ. ಪ್ರೊಸೆಸರ್ ಇಲ್ಲದೆಯೇ ಪೆನ್ ಡ್ರೈವ್‌ನಿಂದ ಬಯೋಸ್ ಹಾಕುವ ಫ್ಲಾಶ್‌ಬ್ಯಾಕ್ ಗುಂಡಿ ಕೆಲವು ಬೋರ್ಡ್‌ಗಳ ಹಿಂಭಾಗದಲ್ಲಿ ಇರುತ್ತದೆ. ಹಳೆಯ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕುವವರು ಅದು ಇರುವ ಬೋರ್ಡನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಯಾವುದಕ್ಕೂ, ಬೋರ್ಡ್ ತಯಾರಕರ ಪುಟದಲ್ಲಿ ಆ ಮಾದರಿಗೆ ಒಪ್ಪುವ ಪ್ರೊಸೆಸರುಗಳ ಪಟ್ಟಿ ಇರುತ್ತದೆ. ಪಕ್ಕದಲ್ಲೇ ಬಯೋಸ್‌ನ ಆವೃತ್ತಿಯನ್ನೂ ಕೊಟ್ಟಿರುತ್ತಾರೆ. ಅದನ್ನು ನೋಡದೆ ದುಡ್ಡು ಕೊಡಬೇಡಿ.

"ಮುಂದೆ ಪ್ರೊಸೆಸರ್ ಒಂದನ್ನೇ ಬದಲಿಸಬಹುದಲ್ಲ, ಅದಕ್ಕೇ ಹೊಸ ಸಾಕೆಟ್ ತಗೋ" ಎಂಬ ಮಾತಿನಲ್ಲಿ ನಿಜ ಇದೆ. 2017ರಲ್ಲಿ ಬಿ350 ಬೋರ್ಡ್ ಕೊಂಡವರು, ತಯಾರಕರು ಬಯೋಸ್ ಕೊಟ್ಟಿದ್ದರೆ, 2022ರಲ್ಲಿ ಅದೇ ಬೋರ್ಡಿಗೆ 5800ಎಕ್ಸ್3ಡಿ ಹಾಕಲು ಸಾಧ್ಯವಾಯಿತು. ಆದರೆ ನೀವು ಅಂಥವರಾ? ಕಳೆದ ಹತ್ತು ವರ್ಷದಲ್ಲಿ ಬೋರ್ಡ್ ಹಾಗೇ ಇಟ್ಟು ಪ್ರೊಸೆಸರ್ ಒಂದನ್ನೇ ಎಷ್ಟು ಸಲ ಬದಲಿಸಿದ್ದೀರಿ? ನನ್ನ ಲೆಕ್ಕ ಸೊನ್ನೆ. ಪ್ರತಿ ಸಲವೂ ಐದಾರು ವರ್ಷ ಓಡಿಸಿ, ಇಡೀ ಸೆಟ್ಟನ್ನೇ ಬದಲಿಸಿದವನು ನಾನು. ಹಾಗಿರುವಾಗ ಮುಂದಿನ ದಾರಿಗೆ ಇವತ್ತೇ ಸುಂಕ ಕಟ್ಟುವುದು ನನಗಂತೂ ಲಾಭವಲ್ಲ. ಎರಡು-ಮೂರು ವರ್ಷಕ್ಕೊಮ್ಮೆ ಕೈ ತುರಿಸುವವರಿಗೆ ಎಎಂ5 ಸರಿಯಾದ ಆಯ್ಕೆ.

4. ಬೋರ್ಡಿನಲ್ಲಿ ಉಳಿಸಿದ್ದು ಎಲ್ಲಿ ಕಳೆಯುತ್ತದೆ

ಇಂಟೆಲ್‌ನಲ್ಲಿ ಕೆ ಪ್ರೊಸೆಸರಿನ ವೇಗ ಏರಿಸಬೇಕಾದರೆ ಝಡ್ ಸರಣಿಯ ಬೋರ್ಡ್ ಬೇಕು. ಐ5ನ ಕೆ ಮಾದರಿ ಕೊಂಡು, ಅದಕ್ಕಾಗಿ ದುಬಾರಿ ಝಡ್ ಬೋರ್ಡ್, ಮೇಲೆ ದೊಡ್ಡ ಕೂಲರ್ ಎಂದು ಹೋದರೆ ಮೂಗಿಗಿಂತ ಮೂಗುತಿ ಭಾರ. ಅದನ್ನೇ ಅಗ್ಗದ ಎಚ್610 ಬೋರ್ಡಿನಲ್ಲಿ ಕೂರಿಸಿದರೆ ಕೆ ಅಕ್ಷರಕ್ಕೆ ಕೊಟ್ಟ ದುಡ್ಡು ಹೋಯಿತು. ಜೊತೆಗೆ ವಿದ್ಯುತ್ ಪೂರೈಸುವ ಭಾಗ ಬಿಸಿಯಾಗಿ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳಲೂಬಹುದು. ಹಳೆಯ ತಲೆಮಾರಿನಲ್ಲಿ ಕೆ ಇಲ್ಲದ ಐ5, ಬಿ660 ಅಥವಾ ಬಿ760 ಬೋರ್ಡ್ ಎಂಬುದು ನೆಮ್ಮದಿಯ ಜೋಡಿ.

ಪಿಸಿಐ ಎಕ್ಸ್‌ಪ್ರೆಸ್ ಆವೃತ್ತಿ ಸಾಮಾನ್ಯವಾಗಿ ತಲೆಕೆಡಿಸಿಕೊಳ್ಳುವ ವಿಷಯವಲ್ಲ, ಒಂದು ಸಂದರ್ಭ ಬಿಟ್ಟು. ಹಲವು ಅಗ್ಗದ ಗ್ರಾಫಿಕ್ಸ್ ಕಾರ್ಡುಗಳಲ್ಲಿ 16 ಲೇನ್ (ದತ್ತಾಂಶ ಓಡುವ ಸಾಲು) ಇರುವುದಿಲ್ಲ. ಆರ್‌ಎಕ್ಸ್ 6600ರಲ್ಲಿ 8, ಆರ್‌ಎಕ್ಸ್ 6500 ಎಕ್ಸ್‌ಟಿಯಲ್ಲಿ ಬರೀ 4. ಪಿಸಿಐ ಎಕ್ಸ್‌ಪ್ರೆಸ್ 4 ಇದ್ದಾಗ ಅದು ನಡೆಯುತ್ತದೆ. 3ರಲ್ಲಿ ದಾರಿ ಅರ್ಧವಾಗುತ್ತದೆ. 6500 ಎಕ್ಸ್‌ಟಿ ಆಗ ಎದ್ದು ಕಾಣುವಷ್ಟು ಕುಸಿಯುತ್ತದೆ. ಎ520 ಬೋರ್ಡ್ 3ಕ್ಕೇ ನಿಲ್ಲುತ್ತದೆ. ಬಿ550ರಲ್ಲಿ 4 ಇದೆ, ಆದರೆ ಅದರಲ್ಲಿ 5600ಜಿ ಅಥವಾ 5500 ಹಾಕಿದರೆ ಮತ್ತೆ 3. ನೋಡಿ, ಹಳೆಯ ಸೆಟ್ಟಿನಲ್ಲಿ ಇಂಥ ಸಣ್ಣ ಸಣ್ಣ ಗುಂಡಿಗಳು ಜಾಸ್ತಿ. ಹೊಸ ಸೆಟ್ಟಿಗೆ ಕೊಡುವ ಹೆಚ್ಚಿನ ದುಡ್ಡಿನಲ್ಲಿ ಒಂದು ಪಾಲು ಈ ತಲೆನೋವು ತಪ್ಪಿಸಿಕೊಳ್ಳುವುದಕ್ಕೂ ಹೌದು.

5. ರ‍್ಯಾಮ್: ಲೆಕ್ಕ ತಿರುಗುವುದು ಇಲ್ಲೇ

ಡಿಡಿಆರ್4 ಕಡ್ಡಿ ಡಿಡಿಆರ್5 ಬೋರ್ಡಿನಲ್ಲಿ ಕೂರುವುದಿಲ್ಲ. ನಡುವಿನ ಸೀಳು ಬೇರೆ ಕಡೆ ಇದೆ. ಒತ್ತಿ ಕೂರಿಸಲು ಹೋಗಬೇಡಿ.

ಕೆಲವು ವರ್ಷಗಳ ಕೆಳಗೆ ರ‍್ಯಾಮ್ ಅಗ್ಗವಾಗಿತ್ತು. ಅದನ್ನು ಲೆಕ್ಕದ ಕೊನೆಯಲ್ಲಿ ಬರೆಯುತ್ತಿದ್ದೆವು. 2025ರ ಕೊನೆಯ ತಿಂಗಳುಗಳಿಂದ ಹಾಗಿಲ್ಲ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿದ ಮೇಲೆ ಜಗತ್ತಿನಾದ್ಯಂತ ಡಿಡಿಆರ್5ರ ಬೆಲೆ ಜಿಗಿಯಿತು. ಹಿಂದೆಯೇ ಡಿಡಿಆರ್4 ಕೂಡ. ಹಾಗಾಗಿ ಈಗ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ನಿಮ್ಮ ಹಳೆಯ ಕಂಪ್ಯೂಟರಿನಲ್ಲಿ ಒಳ್ಳೆಯ ಡಿಡಿಆರ್4 ಕಡ್ಡಿಗಳು ಇವೆಯಾ? 3200 ವೇಗದ 8 ಜಿಬಿ ಕಡ್ಡಿ ಎರಡಿದ್ದರೂ ಸಾಕು, ಹಳೆಯ ಸೆಟ್ಟಿನ ಕಡೆ ತಕ್ಕಡಿ ವಾಲುತ್ತದೆ. ರೈಜನ್ 5600 ಮತ್ತು ಬಿ550, ಅಥವಾ ಐ5-12400 ಮತ್ತು ಡಿಡಿಆರ್4 ಇರುವ ಬಿ660. ರ‍್ಯಾಮ್ ಖರ್ಚೇ ಇಲ್ಲ. ಏನೂ ಇಲ್ಲದೆ ಸೊನ್ನೆಯಿಂದ ಶುರು ಮಾಡುವವರು ಎರಡೂ ಬಗೆಯ ರ‍್ಯಾಮಿನ ಅಂದಿನ ಬೆಲೆ ನೋಡಿಯೇ ತೀರ್ಮಾನಿಸಬೇಕು. ಹೋದ ತಿಂಗಳ ಬೆಲೆ ನಂಬುವಂತಿಲ್ಲ.

ಎಎಂ5ಗೆ ಹೋಗುವವರಿಗೆ ಒಂದು ಮಾತು. ಎರಡು ಕಡ್ಡಿಯ ಒಂದೇ ಕಿಟ್ ಕೊಳ್ಳಿ. 6000 ವೇಗದ್ದು ಚೆನ್ನಾಗಿ ಹೊಂದುತ್ತದೆ. ಈಗ ಎರಡು ಹಾಕಿ ಆಮೇಲೆ ಇನ್ನೆರಡು ಸೇರಿಸೋಣ ಎಂಬ ಯೋಜನೆ ಇಲ್ಲಿ ಕೈಕೊಡುತ್ತದೆ. ರೈಜನ್ 7000ಕ್ಕೆ ನಾಲ್ಕು ಕಡ್ಡಿ ಹಾಕಿದಾಗ ಎಎಂಡಿ ಖಾತರಿ ಕೊಡುವುದು 3600 ವೇಗಕ್ಕೆ ಮಾತ್ರ.

6. ಎಷ್ಟು ಹಳೆಯದು ತೀರಾ ಹಳೆಯದು?

ವಿಂಡೋಸ್ ಬಳಸುವವರಿಗೆ ಗೆರೆ ಎಳೆದಾಗಿದೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ತಲೆಮಾರು, ಎಎಂಡಿಯಲ್ಲಿ ರೈಜನ್ 2000 ಸರಣಿಯಿಂದ ಮೇಲೆ ಬೇಕು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ. ಇಲ್ಲೂ ಹೆಸರಿನ ಬಲೆ ಇದೆ. 2200ಜಿ, 2400ಜಿ ಹೆಸರಿನಲ್ಲಿ 2000 ಇದ್ದರೂ ಒಳಗಿರುವುದು ಮೊದಲ ಝೆನ್. ಅವು ವಿಂಡೋಸ್ 11ಕ್ಕೆ ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿಲ್ಲ. ಲಿನಕ್ಸ್ ಬಳಸುವವರಿಗೆ ಈ ಗೆರೆ ಇಲ್ಲ.

ಹೊಸದಾಗಿ ಜೋಡಿಸುವವರಿಗೆ ನನ್ನ ಗೆರೆ ಇನ್ನೂ ಮೇಲಿದೆ. ಇಂಟೆಲ್‌ನಲ್ಲಿ 12ನೇದಕ್ಕಿಂತ, ಎಎಂಡಿಯಲ್ಲಿ 5000ಕ್ಕಿಂತ ಕೆಳಗೆ ದುಡ್ಡು ಕೊಟ್ಟು ಹೋಗಬೇಡಿ. ಬಿಟ್ಟಿ ಸಿಕ್ಕರೆ ಬೇರೆ ಮಾತು.

ಈ ಗೆರೆ ದಾಟಿಸಲು ಬರುವ ದೊಡ್ಡ ಆಮಿಷ ಹಳೆಯ ಜಿಯಾನ್, ಅಂದರೆ ಇಂಟೆಲ್‌ನ ಸರ್ವರ್ ಪ್ರೊಸೆಸರ್. ಸರ್ವರ್‌ಗಳಿಂದ ಕಳಚಿದ ಜಿಯಾನ್ ಇ5-2680 ವಿ4, ಹೊಸ ಬೋರ್ಡ್, ರ‍್ಯಾಮ್ ಎಲ್ಲ ಒಟ್ಟಿಗೆ, ತೀರಾ ಅಗ್ಗ. 14 ಕೋರ್, 28 ಥ್ರೆಡ್ ಎಂದರೆ ಯಾರಿಗೆ ಬಾಯಲ್ಲಿ ನೀರೂರುವುದಿಲ್ಲ ಹೇಳಿ. ಆದರೆ ಅದು 2016ರದು. ಗರಿಷ್ಠ ವೇಗ 3.3 ಗಿಗಾಹರ್ಟ್ಸ್. ಐ5-12400 ಮುಟ್ಟುವುದು 4.4, ಅದೂ ಎಷ್ಟೋ ಹೊಸ ವಿನ್ಯಾಸದ ಕೋರ್‌ಗಳಲ್ಲಿ. ಜಿಯಾನ್‌ನಲ್ಲಿ ಒಳ ಗ್ರಾಫಿಕ್ಸ್ ಇಲ್ಲ. ವಿಂಡೋಸ್ 11ರ ಪಟ್ಟಿಯಲ್ಲೂ ಇಲ್ಲ. ಮೂಲೆಯಲ್ಲಿ ಲಿನಕ್ಸ್ ಹಾಕಿ ಹತ್ತಾರು ವರ್ಚುವಲ್ ಯಂತ್ರ ಓಡಿಸುವವರಿಗೆ ಇದು ಸೊಗಸು. ಮಕ್ಕಳ ಆಟಕ್ಕೂ ಮನೆಯ ಕೆಲಸಕ್ಕೂ ಬೇಡ.

7. 13, 14ನೇ ತಲೆಮಾರು ಕೊಳ್ಳುವವರು ಇದನ್ನು ಓದಲೇಬೇಕು

ಈ ಎರಡು ತಲೆಮಾರಿನ ಜೋರಿನ ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ, ಮುಖ್ಯವಾಗಿ ಐ7, ಐ9 ಮತ್ತು ಐ5ರ 13600ಕೆ, 14600ಕೆಗಳಲ್ಲಿ, ಬೇಕಾದ್ದಕ್ಕಿಂತ ಜಾಸ್ತಿ ವೋಲ್ಟೇಜ್ ಹರಿದು ಚಿಪ್ ನಿಧಾನವಾಗಿ ಹಾಳಾಗುತ್ತಿತ್ತು. ಆಟ ನಡುವೆಯೇ ಮುಚ್ಚಿಹೋಗುವುದು, ನೀಲಿ ಪರದೆ ಬರುವುದು ಅದರ ಲಕ್ಷಣ. ಇಂಟೆಲ್ 2024ರ ಆಗಸ್ಟ್‌ನಿಂದ ಇದಕ್ಕೆ ಬಯೋಸ್ ಮೂಲಕ ಬರುವ ಮೈಕ್ರೋಕೋಡ್ (ಪ್ರೊಸೆಸರಿನೊಳಗಿನ ಆದೇಶಗಳ) ತಿದ್ದುಪಡಿಗಳನ್ನು ಕೊಟ್ಟಿತು. ಪೆಟ್ಟಿಗೆಯಲ್ಲಿ ಮಾರಿದ ಇಂಥ ಪ್ರೊಸೆಸರುಗಳ ವಾರಂಟಿಯನ್ನು ಇನ್ನೆರಡು ವರ್ಷ ವಿಸ್ತರಿಸಿತು. ಆದರೆ ಆ ತಿದ್ದುಪಡಿ ಹಾಳಾಗುವುದನ್ನು ತಡೆಯುತ್ತದೆಯೇ ಹೊರತು, ಹಾಳಾಗಿರುವುದನ್ನು ಸರಿಮಾಡುವುದಿಲ್ಲ.

ಹೊಸದನ್ನು ಕೊಂಡರೆ ಭಯ ಬೇಡ. ಬಯೋಸನ್ನು ಮೊದಲ ದಿನವೇ ಹೊಸದು ಮಾಡಿ, ಆಮೇಲೆ ಬಳಸಿ. ಬಳಸಿದ 13900ಕೆಯನ್ನು ಮಾತ್ರ ನಾನಾದರೆ ಮುಟ್ಟುವುದಿಲ್ಲ. ಅದು ಯಾವ ಬಯೋಸ್‌ನಲ್ಲಿ ಎಷ್ಟು ತಿಂಗಳು ಓಡಿದೆ ಎಂದು ಯಾರು ಬಲ್ಲರು? 12ನೇ ತಲೆಮಾರಿಗೆ ಈ ಕಾಯಿಲೆ ಇಲ್ಲ. ಹಳೆಯದರ ಪರವಾಗಿ ಇದೂ ಒಂದು ಅಂಕ.

8. ಬಳಸಿದ್ದನ್ನು ಕೊಳ್ಳುವುದಾದರೆ

ಪ್ರೊಸೆಸರ್ ಅಷ್ಟು ಸುಲಭಕ್ಕೆ ಕೆಡುವ ವಸ್ತುವಲ್ಲ. ಕೆಡುವುದು ಬೋರ್ಡ್. ಆದ್ದರಿಂದ ಸಾಧ್ಯವಾದರೆ ಪ್ರೊಸೆಸರ್ ಬಳಸಿದ್ದು, ಬೋರ್ಡ್ ಹೊಸದು ಎಂಬ ಜೋಡಿ ಮಾಡಿಕೊಳ್ಳಿ.

ಎಎಂ4 ಪ್ರೊಸೆಸರಿನ ಅಡಿಯಲ್ಲೇ ಪಿನ್‌ಗಳಿರುತ್ತವೆ. ಕೊಳ್ಳುವಾಗ ಬೆಳಕಿಗೆ ಹಿಡಿದು, ಓರೆಯಿಂದ ಸಾಲುಗಳನ್ನು ನೋಡಿ. ಒಂದು ಪಿನ್ ಬಾಗಿದ್ದರೂ ಸಾಲು ಕೆಟ್ಟಿರುವುದು ಕಾಣುತ್ತದೆ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಒಮ್ಮೆ ಹಳೆಯ ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದೆ. ಬಿಸಿ ದಾಟಿಸಲು ನಡುವೆ ಹಚ್ಚಿದ್ದ, ಒಣಗಿದ ಪೇಸ್ಟ್‌ಗೆ ಅಂಟಿಕೊಂಡು ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತುಬಂತು, ಅಲ್ಲಿಂದ ನೆಲಕ್ಕೆ. ಒಂಬತ್ತು ಪಿನ್ ಬಾಗಿದ್ದವು. ಬ್ಲೇಡಿನ ತುದಿಯಿಂದ ಒಂದೊಂದನ್ನೇ ನೆಟ್ಟಗೆ ಮಾಡಲು ಒಂದು ಸಂಜೆಯೇ ಹೋಯಿತು. ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ, ಆರಿಸಿ, ಪೇಸ್ಟ್ ಬೆಚ್ಚಗಿರುವಾಗಲೇ ಕೂಲರನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಚಿ, ಆಮೇಲೆ ಎತ್ತಬೇಕು. ಎಎಂ5 ಮತ್ತು ಇಂಟೆಲ್‌ನಲ್ಲಿ ಪಿನ್‌ಗಳು ಬೋರ್ಡಿನಲ್ಲಿವೆ. ಅಲ್ಲಿ ನೋಡಬೇಕಾದದ್ದು ಬೋರ್ಡಿನ ಸಾಕೆಟ್ಟನ್ನು.

9. ಈಗ ಹಾಳೆ ತೆಗೆದು ಎರಡು ಕಾಲಂ ಎಳೆಯಿರಿ

ಒಂದು ಕಡೆ ಹಳೆಯ ಸೆಟ್, ಇನ್ನೊಂದು ಕಡೆ ಹೊಸ ಸೆಟ್. ಪ್ರೊಸೆಸರ್, ಬೋರ್ಡ್, ರ‍್ಯಾಮ್, ಕೂಲರ್ ಇಷ್ಟನ್ನೂ ಬರೆಯಿರಿ. ಕೂಲರನ್ನು ಮರೆಯುವವರೇ ಜಾಸ್ತಿ. ಪೆಟ್ಟಿಗೆಯಲ್ಲಿ ಕೊಂಡರೆ ಐ5-12400, ರೈಜನ್ 5600, 7600 ಜೊತೆ ಕೂಲರ್ ಬರುತ್ತದೆ. 9600ಎಕ್ಸ್, 9700ಎಕ್ಸ್ ಮತ್ತು ಇಂಟೆಲ್‌ನ ಕೆ ಪ್ರೊಸೆಸರುಗಳ ಜೊತೆ ಬರುವುದಿಲ್ಲ. ವಿದ್ಯುತ್ತನ್ನೂ ನೋಡಿ. ಐ5-12400 ಜೋರಾಗಿ ದುಡಿಯುವಾಗ ಕುಡಿಯುವ ಮಿತಿ 117 ವಾಟ್, ಐ9-14900ಕೆಯದು 253 ವಾಟ್. ನಿಮ್ಮ ಹಳೆಯ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ಅದನ್ನು ತಾಳದಿದ್ದರೆ ಅದೂ ಹಾಳೆಗೆ ಬರಬೇಕು. ಹಳೆಯ ಕಂಪ್ಯೂಟರಿನಿಂದ ಉಳಿಸಿಕೊಳ್ಳಬಹುದಾದದ್ದರ ಮುಂದೆ ಸೊನ್ನೆ ಹಾಕಿ.

ಆಮೇಲೆ ಇಡೀ ಕಂಪ್ಯೂಟರಿನ ಮೊತ್ತ ನೋಡಿ, ಬರೀ ಪ್ರೊಸೆಸರಿನದಲ್ಲ. ಹೊಸ ಸೆಟ್ಟಿನಿಂದ ಒಟ್ಟು ಮೊತ್ತ ಶೇ. 15ರೊಳಗೆ ಏರುವುದಾದರೆ ನಾನು ಹೊಸದನ್ನೇ ತೆಗೆದುಕೊಳ್ಳುತ್ತೇನೆ. ಅದಕ್ಕಿಂತ ಜಾಸ್ತಿ ಆದರೆ ಹಳೆಯ ಸೆಟ್ ಕೊಂಡು, ಉಳಿದ ದುಡ್ಡನ್ನು ಎರಡನೇ ಹೆಜ್ಜೆಯಲ್ಲಿ ಕಂಡ ಜಾಗಕ್ಕೆ ಹಾಕುತ್ತೇನೆ. ಆಟ ಆಡುವವರಿಗೆ ಒಂದು ಮೆಟ್ಟಿಲು ಮೇಲಿನ ಗ್ರಾಫಿಕ್ಸ್ ಕಾರ್ಡ್, ಎಡಿಟ್ ಮಾಡುವವರಿಗೆ 32 ಜಿಬಿ ರ‍್ಯಾಮ್. ಶೇ. 15 ಎಂಬುದು ಶಾಸನವೇನಲ್ಲ, ನನ್ನ ಜೇಬಿನ ಅಂದಾಜು. ಒಂದೇ ಥ್ರೆಡ್ಡಿನ ಕೆಲಸದಿಂದ ಸಂಪಾದನೆ ಮಾಡುವವರು, ದಿನಾ ಗಂಟೆಗಟ್ಟಲೆ ಕಾಯುವವರು ಅದನ್ನು ಎರಡರಷ್ಟು ಮಾಡಿಕೊಂಡರೂ ತಪ್ಪಿಲ್ಲ.

10. ಕೊಂಡ ಮೊದಲ ವಾರ

ಎಲ್ಲ ಭಾಗಗಳನ್ನೂ ಹತ್ತಿರ ಹತ್ತಿರದ ದಿನಗಳಲ್ಲೇ ಕೊಳ್ಳಿ. ಪ್ರೊಸೆಸರ್ ಇವತ್ತು, ಬೋರ್ಡ್ ಎರಡು ತಿಂಗಳು ಬಿಟ್ಟು ಎಂದರೆ, ಪ್ರೊಸೆಸರ್ ಕೆಟ್ಟಿದ್ದರೂ ಗೊತ್ತಾಗುವ ಹೊತ್ತಿಗೆ ವಾಪಸ್ ಕೊಡುವ ಗಡುವು ಮುಗಿದಿರುತ್ತದೆ.

ಜೋಡಿಸಿದ ಕೂಡಲೇ ಬಯೋಸ್ ಹೊಸದು ಮಾಡಿ. ಆಮೇಲೆ ಅಲ್ಲೇ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆ ಹುಡುಕಿ ಆನ್ ಮಾಡಿ. ಮಾಡದಿದ್ದರೆ 3200ರ ಡಿಡಿಆರ್4 ಸುಮ್ನೆ 2133ರಲ್ಲಿ ಓಡುತ್ತಿರಬಹುದು, 6000ದ ಡಿಡಿಆರ್5 4800ರಲ್ಲಿ. ಹೊಸ ತಲೆಮಾರಿಗೆ ಜಾಸ್ತಿ ದುಡ್ಡು ಕೊಟ್ಟು, ಈ ಒಂದು ಗುಂಡಿ ಒತ್ತದೆ ವರ್ಷಗಟ್ಟಲೆ ಓಡಿಸಿದವರನ್ನು ನೋಡಿದ್ದೇನೆ. ಒಂದು ರಾತ್ರಿ ಮೆಮೊರಿ ಪರೀಕ್ಷೆ ಓಡಲು ಬಿಡಿ. ಮರುದಿನ ಅರ್ಧ ಗಂಟೆ ಎಲ್ಲ ಕೋರ್‌ಗಳಿಗೂ ಕೆಲಸ ಕೊಟ್ಟು ಬಿಸಿ ಎಷ್ಟು ಏರುತ್ತದೆ ನೋಡಿ. 65 ವಾಟಿನ ಪ್ರೊಸೆಸರ್ ಓಡಿದ ಕ್ಷಣದಲ್ಲೇ 95 ಡಿಗ್ರಿ ಮುಟ್ಟಿದರೆ, ತಲೆಮಾರನ್ನು ಬೈಯುವ ಮೊದಲು ಕೂಲರನ್ನು ಬಿಚ್ಚಿ ಅಡಿ ನೋಡಿ. ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆ ಕೂರಿಸಿರುವ ಸಂಭವವೇ ಜಾಸ್ತಿ.